ನುಕುವೇರಾದ ಎಲೆಕೋಸು

ನುಕುವೇರಾ ದ್ವೀಪ
೧೪ ಆಗಸ್ಟ್ ೨೦೦೩

ಮಾನ್ಯ ತೂ ಜಿನ್‌ಷುಯಿ ಅವರಿಗೆ ವಂದನೆಗಳು.

ನಿಮಗೆ ನನ್ನ ಪರಿಚಯವಿಲ್ಲ. ನಾನು ಜುವಾಂಗ್ ಹೈಪಿಂಗ್, ಚೀನಾದ ಫುಜಿಯನ್ ಪ್ರಾಂತ್ಯದ ಝಾಂಗ್‌ಚೌ ಊರಿನವನು. ತರಕಾರಿ ಬೆಳೆಯ ತಜ್ಞ ಎಂದು ನನ್ನ ಕಾಗದಪತ್ರಗಳು ಹೇಳುತ್ತವೆ. ನೀವು ಹನ್ನೊಂದು ವರ್ಷ ನಡೆಸಿದ ತೋಟವನ್ನು ಈಗ ನನ್ನ ಕೈಗೆ ಕೊಟ್ಟಿದ್ದಾರೆ. ಮೇ ತಿಂಗಳಲ್ಲಿ ನುಕುವೇರಾ ಸರಕಾರ ನಿಮ್ಮ ತೈಪೆಯ ಕೈ ಬಿಟ್ಟು ನಮ್ಮ ಬೀಜಿಂಗಿನ ಕೈ ಹಿಡಿಯಿತು. ಒಬ್ಬರ ಜೊತೆ ಸ್ನೇಹವಿದ್ದರೆ ಇನ್ನೊಬ್ಬರ ಜೊತೆ ಇರಕೂಡದು ಎಂಬ ವಿಷಯದಲ್ಲಿ ಮಾತ್ರ ನಮ್ಮೆರಡು ಕಡೆಯವರದೂ ಒಂದೇ ಅಭಿಪ್ರಾಯ. ಹಾಗಾಗಿ ನೀವು ಹೋದಿರಿ, ನಾನು ಬಂದೆ.

ಈ ಪತ್ರ ಬರೆಯಲು ನನಗೆ ಯಾರ ಅಪ್ಪಣೆಯೂ ಇಲ್ಲ. ತೋಟದ ಹೆಂಗಸರಿಗೆಲ್ಲ ಹಿರಿಯರಾದ ತೆರೇನಾ ಅಮ್ಮ ಇದನ್ನು ತಮ್ಮ ಹೆಸರಲ್ಲಿ ಅಂಚೆಗೆ ಹಾಕುತ್ತಾರೆ. ನೀವು ಉತ್ತರ ಬರೆಯುವುದಾದರೆ ಅವರ ಹೆಸರಿಗೇ ಬರೆಯಿರಿ.

ಮೊದಲು ಹಂದಿಯ ವಿಚಾರ. ನಾನು ಬಂದಾಗ ಆ ದೊಡ್ಡ ಹೆಣ್ಣುಹಂದಿ ಗೋಡೆಗೆ ಮೂತಿ ತಿರುಗಿಸಿ ಮಲಗಿತ್ತು. ನಮ್ಮ ಕೇಂದ್ರದ ಮುಖ್ಯಸ್ಥ ಲುವಾನ್ ಬೀಜಿಂಗಿನವರು; ಅಚ್ಚ ಮ್ಯಾಂಡರಿನ್ನಿನಲ್ಲಿ ಅದನ್ನು ಕರೆದರು. ಅದು ಕಿವಿ ಕೂಡ ಅಲ್ಲಾಡಿಸಲಿಲ್ಲ. ನಾನು ಇಂಗ್ಲಿಷಿನಲ್ಲಿ ಕರೆದೆ. ಊಹೂಂ. ಕೊನೆಗೆ ಬಕೆಟ್ಟು ನನ್ನ ಕಾಲ ಮೇಲೆ ಬಿದ್ದು, ನೋವಿಗೆ ನಮ್ಮೂರ ಮಾತಿನಲ್ಲಿ ಬಾಯಿಗೆ ಬಂದದ್ದನ್ನು ಬೈದೆ ನೋಡಿ, ಎದ್ದು ಓಡಿಬಂದು ನನ್ನ ಮೊಣಕಾಲಿಗೆ ಮೂತಿ ಉಜ್ಜಿತು. ನನಗಿಂತ ಮೊದಲು ಇಲ್ಲಿದ್ದವರ ಮನೆಮಾತೂ ನನ್ನದೂ ಒಂದೇ ಎಂದು ಗೊತ್ತಾದದ್ದು ಆಗ. ಇಲ್ಲಿನ ಹೆಂಗಸರೂ ಲುವಾನ್ ಅವರನ್ನು ನಮ್ಮ ಮಾತಿನಲ್ಲೇ "ಉಂಡ್ಯೇನೋ?" ಎಂದು ಸ್ವಾಗತಿಸಿದರು. ಅವರು ಅದನ್ನು ದ್ವೀಪದ ಭಾಷೆ ಎಂದುಕೊಂಡು ಬಾಯಿಪಾಠ ಮಾಡುತ್ತಿದ್ದಾರೆ. ನಾನು ತಿದ್ದಲು ಹೋಗಿಲ್ಲ.

ಹಂದಿ ನನ್ನ ಬೈಗುಳಕ್ಕೆ ಬರುತ್ತದೆ, ಆದರೆ ತಿನ್ನುವುದಿಲ್ಲ. ಎಲೆಕೋಸು ಬಿತ್ತಿದಷ್ಟು ಸಲವೂ ಎರಡೆಲೆ ಬಿಟ್ಟು ಹಳದಿಯಾಗಿ ಮಲಗುತ್ತದೆ. ತೆರೇನಾ ಅಮ್ಮನನ್ನು ಕೇಳಿದೆ. "ನಂಗೊತ್ತು, ಆದ್ರೆ ಹೇಳಲ್ಲ. ತೂ ಮಾಡಿದ ತೋಟ, ತೂನ ಕೇಳು. ಕೇಳಿದ್ರೆ ನಿನ್ನ ಕಿರೀಟ ಏನೂ ಬಿದ್ದುಹೋಗಲ್ಲ" ಎಂದರು.

ಆದ್ದರಿಂದ ಕೇಳುತ್ತಿದ್ದೇನೆ.

ಇತಿ ವಿಧೇಯ,
ಜುವಾಂಗ್ ಹೈಪಿಂಗ್

*

ಪಿಂಗ್‌ತುಂಗ್, ತೈವಾನ್
೨೦ ಸೆಪ್ಟೆಂಬರ್ ೨೦೦೩

ಜುವಾಂಗ್ ಅವರಿಗೆ,

ಪತ್ರ ತಲುಪಿತು. ನಿಮ್ಮ ಧೈರ್ಯ ದೊಡ್ಡದು. ಮನೆ ಖಾಲಿ ಮಾಡಿಸಿದವನು ಹಳೇ ಬಾಡಿಗೆದಾರನಿಗೆ ಕಾಗದ ಬರೆದು "ಒಲೆ ಹೊಗೆಯಾಡುತ್ತಿದೆ, ಏನು ಮಾಡಲಿ?" ಎಂದು ಕೇಳಿದ್ದನ್ನು ನಾನು ಈ ಐವತ್ತೆಂಟು ವರ್ಷದಲ್ಲಿ ಕಂಡಿರಲಿಲ್ಲ. ನಿಮ್ಮದು ದೊಡ್ಡ ದೇಶ. ಆಕಾಶಕ್ಕೆ ಮನುಷ್ಯನನ್ನು ಕಳಿಸಲು ಹೊರಟಿದ್ದೀರಿ ಎಂದು ಪೇಪರಿನಲ್ಲಿ ಓದುತ್ತೇನೆ. ಒಂದು ಎಲೆಕೋಸು ಬೆಳೆಯಲು ನನ್ನ ಸಹಾಯ ಯಾಕೆ ಬೇಕು?

ನನ್ನನ್ನು ಕಳಿಸಿದ್ದು ಹೇಗೆಂದು ಗೊತ್ತೇ? ಅವರೆ ಬಳ್ಳಿಗೆ ಕೋಲು ನೆಡುತ್ತಿದ್ದೆ. ತೆರೇನಾ ಬಂದು ಬೇಲಿಗೆ ಒರಗಿ ನಿಂತಳು. "ತೂ, ನೀನು ಇನ್ನು ನಮ್ಮ ಸ್ನೇಹಿತ ಅಲ್ವಂತೆ. ಈಗ ರೇಡಿಯೋದಲ್ಲಿ ಹೇಳಿದ್ರು. ಸಂಜೆ ಊಟಕ್ಕೆ ಬರ್ತೀಯಲ್ಲ?" ಎಂದಳು. ಹೋದೆ. ಸುಟ್ಟ ಮೀನು ಮಾಡಿದ್ದಳು. ರಾಜಕೀಯದ ಒಂದು ಮಾತೂ ಆಡಲಿಲ್ಲ. ತಿಂಗಳೊಳಗೆ ನಾವೆಲ್ಲ ವಿಮಾನ ಹತ್ತಿದೆವು. ಅವರೆ ಇನ್ನೂ ಹೂ ಬಿಟ್ಟಿರಲಿಲ್ಲ.

ಈಗ ರೈತರ ಸಹಕಾರ ಸಂಘದಲ್ಲಿ ನನಗೊಂದು ಮೇಜು ಕೊಟ್ಟಿದ್ದಾರೆ. ಮನೆಯಲ್ಲಿ ಹೆಂಡತಿ "ಮೆಲ್ಲಗೆ ಮಾತಾಡ್ರೀ, ಇದು ಹಂದಿಗೂಡಲ್ಲ" ಎನ್ನುತ್ತಿರುತ್ತಾಳೆ. ಶರದ್ ಹುಣ್ಣಿಮೆಯ ಹಬ್ಬಕ್ಕೆ ತೈಪೆಯಲ್ಲಿರುವ ಮಗ ಬಂದಿದ್ದ. ಅವನೂ ನಾನೂ ಕೂತು ಟಿವಿ ನೋಡಿದೆವು.

ಎಲೆಕೋಸಿನ ಬಗ್ಗೆ ನಾನು ಏನೂ ಹೇಳುವುದಿಲ್ಲ. ಮಣ್ಣಿನ ಹದ ತೆರೇನಾಗೆ ಗೊತ್ತು, ಅವಳನ್ನೇ ಕಾಡಿ.

ಆದರೆ ಹಂದಿಗೆ ರಾಜಕೀಯ ತಿಳಿಯದು. ಅವಳ ಹೆಸರು ದೊಡ್ಡಮ್ಮ. ನನ್ನ ದೊಡ್ಡಮ್ಮನ ನಡಿಗೆಯೇ ಅವಳದು, ಅದಕ್ಕೇ ಆ ಹೆಸರು. ಅವಳು ಒಬ್ಬಳೇ ಉಣ್ಣುವುದಿಲ್ಲ. ಹಲಸಿನ ಜಾತಿಯ ಆ ದ್ವೀಪದ ಕಾಯಿಯನ್ನು ಬೇಯಿಸಿ, ಎರಡು ಹನಿ ಸಮುದ್ರದ ನೀರು ಚಿಮುಕಿಸಿ, ತಿನ್ನುವವರೆಗೆ ಪಕ್ಕದಲ್ಲಿ ಕೂತುಕೊಳ್ಳಿ. ಏನಾದರೂ ಮಾತಾಡಿ. ಬೈಗುಳವಾದರೂ ನಡೆಯುತ್ತದೆ.

ತೂ ಜಿನ್‌ಷುಯಿ

*

ನುಕುವೇರಾ
೨ ನವೆಂಬರ್ ೨೦೦೩

ಮಾನ್ಯ ತೂ ಅವರಿಗೆ,

ದೊಡ್ಡಮ್ಮ ಉಂಡಳು! ಪಕ್ಕದಲ್ಲಿ ಕೂತು ನನ್ನ ಮಗಳ ಕಥೆ ಹೇಳಿದೆ. ಮಗಳಿಗೆ ನಾಲ್ಕು ವರ್ಷ. ಫೋನಿನಲ್ಲಿ ನನ್ನ ದನಿ ಕೇಳಿದರೆ ಅಮ್ಮನ ಹಿಂದೆ ಅಡಗಿಕೊಳ್ಳುತ್ತಾಳಂತೆ. ದೊಡ್ಡಮ್ಮ ಪೂರ್ತಿ ಕೇಳಿಸಿಕೊಂಡು, ಪಾತ್ರೆ ನೆಕ್ಕಿ, ನನ್ನ ಚಪ್ಪಲಿಯನ್ನೂ ತಿಂದಳು.

ಹಂದಿ ಉಂಡ ಸುದ್ದಿ ಕೇಳಿ ತೆರೇನಾ ಅಮ್ಮ ನಗುತ್ತ ಬಂದರು. "ಅಂದ್ರೆ ಕೇಳ್ದೆ ನೀನು! ಬಾ ಹಂಗಾದ್ರೆ" ಎಂದು ತೆಂಗಿನ ನಾರು, ಮೀನಿನ ತ್ಯಾಜ್ಯ, ಕೊಳೆತ ಎಲೆ ಎಲ್ಲ ಹಾಕಿ ಹವಳದ ನೆಲದಲ್ಲಿ ಗುಂಡಿ ತುಂಬುವುದನ್ನು ಕಲಿಸಿದರು. ಆದರೆ ನಮ್ಮ ಕಚೇರಿ ಕಳಿಸಿದ ಬೀಜ ಚಳಿಯ ಸೀಮೆಯದು. ಇಲ್ಲಿನ ಸೆಕೆಗೆ ಗಡ್ಡೆ ಕಟ್ಟುವುದಿಲ್ಲ. "ಸೆಕೆ ತಡಿಯೋ ಬೀಜ ಪ್ರತಿ ವರ್ಷ ತೂ ಊರಿಂದ ಬರ್ತಿತ್ತು. ಅದು ನನ್ನ ಹತ್ರ ಇಲ್ಲ" ಎಂದರು.

ನಗುವಿನ ನಡುವೆ ಒಂದು ಕೆಟ್ಟ ಸುದ್ದಿಯಿದೆ. ನಮ್ಮವರು ನುಕುವೇರಾಕ್ಕೆ ಒಂದು ಕ್ರೀಡಾಂಗಣ ಕಟ್ಟಿಕೊಡುವುದಾಗಿ ಮಾತು ಕೊಟ್ಟಿದ್ದಾರೆ. ದ್ವೀಪದಲ್ಲಿ ಸಮತಟ್ಟಾದ ನೆಲ ಎಷ್ಟಿದೆ, ನಿಮಗೇ ಗೊತ್ತು. ಇಲ್ಲಿನ ಮಂತ್ರಿಗಳು ನಮ್ಮ ತೋಟದ ಕಡೆ ಬೆರಳು ತೋರಿಸಿದ್ದಾರೆ. ಏಪ್ರಿಲಿನಲ್ಲಿ ಬೀಜಿಂಗಿನಿಂದ ಉಪಮಂತ್ರಿಯೊಬ್ಬರು ಬಂದು ಜಾಗ ಒಪ್ಪಿಕೊಳ್ಳುತ್ತಾರೆ. ಹಸಿರು ತುಂಬಿದ ತೋಟ ಕಂಡರೆ ಅವರು ಅದರ ಮೇಲೆ ಸಿಮೆಂಟು ಹಾಕಲಾರರು, ಹಳದಿ ಎಲೆ ಕಂಡರೆ ಒಂದೇ ಸಹಿ. ಹೆಂಗಸರು ಸಂತೆಗೆ ಏನು ಒಯ್ಯಬೇಕು? ದ್ವೀಪದವರ ತಟ್ಟೆಗೆ ಮತ್ತೆ ಡಬ್ಬದ ಮಾಂಸ, ಡಬ್ಬದ ಅವರೆ.

ಲುವಾನ್ ಅವರಿಗೆ ಇದನ್ನೆಲ್ಲ ಹೇಳಿದೆ. "ನೀನು ಬಂದಿರೋದು ದೇಶದ ಗೌರವ ಹೆಚ್ಚಿಸೋಕೆ, ಕೋಸು ಬೆಳೆಯೋಕಲ್ಲ" ಎಂದರು. ಹಾಗಾದರೆ ನನ್ನ ಹುದ್ದೆಯ ಹೆಸರಲ್ಲಿ ತರಕಾರಿ ಯಾಕಿದೆಯೋ ತಿಳಿಯದು.

ಬಿಟ್ಟು ಹೋಗುವಾಗ ನಿಮಗೆ ಹೇಗಾಯಿತೆಂದು ಕೇಳಲು ನನಗೆ ಅಧಿಕಾರವಿಲ್ಲ. ಬೀಜ ಕೇಳಲೂ ಇಲ್ಲ.

ಜುವಾಂಗ್

ನಿಮ್ಮ ಕಾಲದ ಹೆಸರುಹಲಗೆಯನ್ನು ಹೆಂಗಸರು ಕೋಳಿಗೂಡಿನ ಚಾವಣಿಗೆ ಹೊದಿಸಿದ್ದಾರೆ. ನಿಮ್ಮ ದೇಶದ ಹೆಸರು ಆಕಾಶಕ್ಕೆ ಕಾಣುತ್ತಿತ್ತು. ನಾನು ತಿರುಗಿಸಿ ಹಾಕಿದೆ; ಈಗ ಕೋಳಿಗಳಿಗೆ ಮಾತ್ರ ಕಾಣುತ್ತದೆ. ತಪ್ಪು ತಿಳಿಯಬೇಡಿ.

*

ಪಿಂಗ್‌ತುಂಗ್
೧ ಡಿಸೆಂಬರ್ ೨೦೦೩

ತಮ್ಮ ಜುವಾಂಗ್,

ನನಗಿಂತ ಇಪ್ಪತ್ತು ವರ್ಷ ಚಿಕ್ಕವನಿರಬೇಕು ನೀನು, ಇನ್ನು ಬಹುವಚನ ಸಾಕು.

ಇದರ ಜೊತೆ ತೆರೇನಾಗೆ ಒಂದು ಪೊಟ್ಟಣ ಕಳಿಸಿದ್ದೇನೆ. ಹೊರಗೆ ಹೆಣೆದ ಕಾಲುಚೀಲ, ಒಳಗೆ ಬೀಜ. ಸೆಕೆಗೆ ಜಗ್ಗದ ಎಲೆಕೋಸು. ತಂಪು ಹೊತ್ತಿನಲ್ಲಿ ಬಿತ್ತು, ಹರಿದ ಮೀನುಬಲೆಯನ್ನು ಮೇಲೆ ಹೊದಿಸು. ಚಿಟ್ಟೆಗಳಿಗೆ ಅಲ್ಲಿ ಪ್ರವೇಶವಿಲ್ಲ.

ಇದನ್ನು ಕಳಿಸಲು ನನಗೆ ಸುಲಭವಾಗಲಿಲ್ಲ, ಅದನ್ನು ಮುಚ್ಚಿಡುವುದಿಲ್ಲ. ಪೊಟ್ಟಣ ಕಟ್ಟಿ ಒಂದು ವಾರ ಅಲಮಾರಿನ ಮೇಲಿಟ್ಟಿದ್ದೆ. ನನ್ನ ಬೀಜ ಮೊಳೆತರೆ ಅಲ್ಲಿ ಹಾರುವುದು ನಿಮ್ಮ ಧ್ವಜ. ನಿಮ್ಮ ಲುವಾನ್ ಅದರ ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಳ್ಳುತ್ತಾನೆ. ಹೆಂಡತಿ ಧೂಳು ಒರೆಸುವಾಗ ಪೊಟ್ಟಣ ನೋಡಿದಳು.

"ಯಾರಿಗೆ ಇದು?"

"ಬೀಜಿಂಗಿನವರಿಗೆ" ಎಂದೆ, ಹೊಟ್ಟೆಯುರಿಯಿಂದ.

"ಬೀಜಿಂಗಿನವರು ಕೋಸು ಮಾರಿ ಮಕ್ಕಳನ್ನ ಶಾಲೆಗೆ ಕಳಿಸ್ತಾರೇನ್ರೀ? ಪೊಟ್ಟಣದ ಮೇಲೆ ತೆರೇನಾ ಅಂತ ಬರ್ದಿದೆ. ಕೊಡಿ ಇಲ್ಲಿ, ಸಂತೆಗೆ ಹೋಗೋವಾಗ ಅಂಚೆಗೆ ಹಾಕ್ತೀನಿ."

ಅಷ್ಟೇ. ಇಂಥವಳನ್ನು ವಿದೇಶಾಂಗ ಮಂತ್ರಿ ಮಾಡಿದ್ದರೆ ನಾನು ಇನ್ನೂ ಅಲ್ಲೇ ಇರುತ್ತಿದ್ದೆನೇನೋ.

ಹೆಸರುಹಲಗೆಗೆ ಬೇಸರವಿಲ್ಲ. ಕೋಳಿಗಳಾದರೂ ಓದಲಿ.

ತೂ

*

ನುಕುವೇರಾ
೨೫ ಏಪ್ರಿಲ್ ೨೦೦೪

ತೂ ಅಣ್ಣನಿಗೆ,

ತೋಟ ಉಳಿಯಿತು! ಸಮಾಧಾನವಾಗಿ ಹೇಳುತ್ತೇನೆ, ನಡುವೆ ಎದ್ದು ಹೋಗಬೇಡಿ.

ಬೀಜ ಹಾಕಿದ್ದೆಲ್ಲ ಎದ್ದಿತು. ಉಪಮಂತ್ರಿಯವರು ಬರುವ ಹೊತ್ತಿಗೆ ಒಂದೊಂದು ಕೋಸೂ ಮಗುವಿನ ತಲೆಯಷ್ಟು. ನಮ್ಮ ದುಭಾಷಿ ದೋಣಿ ಪ್ರಯಾಣದಲ್ಲಿ ವಾಂತಿ ಮಾಡಿಕೊಂಡು ಮಲಗಿದ್ದರಿಂದ ಆ ಕೆಲಸ ನನ್ನ ತಲೆಗೆ ಬಂತು. ತೆರೇನಾ ಅಮ್ಮ ಹೂವಿನ ಹ್ಯಾಟು ಹಾಕಿಕೊಂಡು, ತಮ್ಮ ಮುರುಕು ಇಂಗ್ಲಿಷಿನಲ್ಲಿ ಎಲ್ಲರ ಮುಂದೆ ಭಾಷಣ ಶುರು ಮಾಡಿದರು:

"ಈ ಕೋಸಿಗೆ ಬೀಜ ತೈಪೆದು, ನೀರಿನ ಪಂಪು ಬೀಜಿಂಗಿಂದು, ಮಣ್ಣು ನಮ್ದು. ತೂ ಅಣ್ಣಂಗೂ ಜುವಾಂಗ್ ತಮ್ಮಂಗೂ ದೇವ್ರು ಒಳ್ಳೇದ್ ಮಾಡ್ಲಿ!"

ಎಲ್ಲರೂ ನನ್ನ ಬಾಯಿ ನೋಡಿದರು. ಲುವಾನ್ ಅವರ ಮುಖದ ರಕ್ತವೇ ಇಳಿದುಹೋಗಿತ್ತು. ನಾನು ಗಂಟಲು ಸರಿಮಾಡಿಕೊಂಡು ಹೇಳಿದೆ: "ಬೀಜ ದೂರದಿಂದ ಬಂದದ್ದು, ಪಂಪು ಬೀಜಿಂಗಿನಿಂದ ಬಂದದ್ದು. ದೂರದವರಿಗೂ ಹತ್ತಿರದವರಿಗೂ ದೇವರು ಒಳ್ಳೆಯದು ಮಾಡಲಿ."

ಉಪಮಂತ್ರಿಯವರು ಚಪ್ಪಾಳೆ ತಟ್ಟಿದರು. ಆಮೇಲೆ ಸಾಲುಗಳ ನಡುವೆ ನಡೆಯುವಾಗ ನನ್ನ ಕಿವಿಯ ಹತ್ತಿರ ಬಗ್ಗಿ, "ಇಂಗ್ಲಿಷು ನನಗೂ ಬರುತ್ತಪ್ಪ. ನಿನ್ನ ಅನುವಾದ ಚೆನ್ನಾಗಿತ್ತು, ಮೂಲಕ್ಕಿಂತ ಕ್ಷೇಮವಾಗಿತ್ತು" ಎಂದರು.

ಊಟಕ್ಕೆ ಕೋಸು, ಹಂದಿಮಾಂಸ ತುಂಬಿದ ಕಡುಬು. (ದೊಡ್ಡಮ್ಮನದಲ್ಲ, ಗಾಬರಿಯಾಗಬೇಡಿ.) ತೆರೇನಾ ಅಮ್ಮ ಅವರ ತಟ್ಟೆಗೆ ಬಡಿಸುತ್ತಲೇ ಕೇಳಿದರು:

"ಸ್ವಾಮಿ, ಆ ಕ್ರೀಡಾಂಗಣದಲ್ಲಿ ಎಷ್ಟು ಜನ ಕೂರಬೋದು?"

"ಆರು ಸಾವಿರ" ಎಂದರು ಹೆಮ್ಮೆಯಿಂದ.

"ನಮ್ಮ ದ್ವೀಪದಲ್ಲಿ ನಾವಿರೋದೇ ನಾಲ್ಕು ಸಾವಿರ. ಎಲ್ರೂ ಹೋಗಿ ಕೂತ್ರೂ ಜಾಗ ಮಿಕ್ಕುತ್ತೆ. ಮತ್ತೆ ಆಡೋರ್ ಯಾರು?"

ಉಪಮಂತ್ರಿಯವರು ಕಡುಬನ್ನು ತಟ್ಟೆಯಲ್ಲಿಟ್ಟು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅವರಿಗೆ ಇನ್ನೊಂದು ಕಡುಬು ಬಿತ್ತು. ಮರುದಿನ ಜಾಗ ಬದಲಾಯಿತು. ಹಳೆಯ ವಿಮಾನ ನಿಲ್ದಾಣದ ಹಿಂದೆ, ಒಂದು ಸಾವಿರ ಜನ ಕೂರುವಂಥದ್ದು. ಅಲ್ಲಿ ಚೆಂಡು ಜೋರಾಗಿ ಒದ್ದರೆ ಸಮುದ್ರಕ್ಕೇ ಬೀಳುತ್ತದೆ. ಅದು ಅವರವರ ಹಣೆಬರಹ.

ಆ ಸಂಜೆ ಹೆಂಗಸರು ಹಾಡಿದರು. ನಾನೂ ಹಾಡಿದೆ. ನಿಮ್ಮ ಬೀಜಕ್ಕೆ ಏನೆಂದು ಧನ್ಯವಾದ ಹೇಳಲಿ? ಅದಕ್ಕೇ ಹೇಳುತ್ತಿಲ್ಲ.

ನಿಮ್ಮ ತಮ್ಮ,
ಹೈಪಿಂಗ್

*

ಪಿಂಗ್‌ತುಂಗ್
೮ ಜೂನ್ ೨೦೦೪

ತಮ್ಮ ಹೈಪಿಂಗ್,

ನಿನ್ನ ಪತ್ರ ಬಂದ ದಿನ ಮಗ ಮನೆಯಲ್ಲಿದ್ದ. ನಾನು ಒಳಗೆ ಒಬ್ಬನೇ ನಗುತ್ತಿರುವುದು ಕೇಳಿ ಅವನಿಗೆ ಹೆದರಿಕೆಯಾಗಿ ಬಂದು ನೋಡಿದ. ಓದಲು ಕೊಟ್ಟೆ. ಓದಿ ಮುಗಿಸಿ, ಬಾಗಿಲಲ್ಲೇ ನಿಂತು, "ಅಪ್ಪಾ, ಅಷ್ಟು ವರ್ಷ ನೀನು ಅಲ್ಲಿ ಮಾಡ್ತಿದ್ದುದು ಇದನ್ನೇನಾ?" ಎಂದ. ಹೌದು ಎಂದೆ. ಕುರ್ಚಿ ಎಳೆದುಕೊಂಡು ಕೂತ. ಟಿವಿ ಹಾಕಲಿಲ್ಲ.

ತೆರೇನಾ ಬರೆದಿದ್ದಾಳೆ: "ನಿನ್ನ ತಮ್ಮ ಒಳ್ಳೇವನು, ಹಾಡಬಾರದು ಅಷ್ಟೆ."

ಇನ್ನೊಂದು ಮಾತು. ನಮ್ಮಜ್ಜನ ಸಮಾಧಿಯ ಕಲ್ಲಿನ ಮೇಲೆ ನಮ್ಮ ಹಿರೀಕರ ಊರು ಝಾಂಗ್‌ಪು ಎಂದು ಕೆತ್ತಿದೆ. ನಿನ್ನ ಊರಿಗೆ ಅದು ಹತ್ತಿರವೇ? ಸುಮ್ಮನೆ ಕೇಳಿದೆ. ಇದನ್ನು ಹಿಡಿದುಕೊಂಡು ನಾವೆಲ್ಲ ಒಂದೇ ದೇಶದವರು ಎಂದು ನೀನು ನನಗೆ ಭಾಷಣ ಬಿಗಿದರೆ ಮುಂದಿನ ವರ್ಷ ಬೀಜ ಬರುವುದಿಲ್ಲ. ಕಲ್ಲಿನ ಮೇಲಿರುವುದು ಅಜ್ಜನ ಊರು. ನನ್ನ ಊರು ಪಿಂಗ್‌ತುಂಗ್.

ತೂ

*

ನುಕುವೇರಾ
೧೯ ಮಾರ್ಚ್ ೨೦೦೫

ತೂ ಅವರಿಗೆ,

ಅಭಿನಂದನೆಗಳು. ನಿಮ್ಮ ಕಡೆಯವರು ಗೆದ್ದರು. ಚುನಾವಣೆಯಾಗಿ ಹೊಸ ಸರಕಾರ ಬಂತು, ನಿನ್ನೆ ಮತ್ತೆ ತೈಪೆಯ ಕೈ ಹಿಡಿಯಿತು. ನಮಗೆ ಹೊರಡಲು ಹೇಳಿದ್ದಾರೆ. ನಿಮಗೆ ಇದು ಮೊದಲೇ ಗೊತ್ತಿತ್ತೇ?

ಬದನೆ ನಾಟಿ ಮಾಡಿ ಇನ್ನೂ ವಾರವಾಗಿಲ್ಲ.

ಜುವಾಂಗ್ ಹೈಪಿಂಗ್

*

ಪಿಂಗ್‌ತುಂಗ್
೮ ಏಪ್ರಿಲ್ ೨೦೦೫

ಹೈಪಿಂಗ್,

ಮತ್ತೆ "ಅವರಿಗೆ" ಎಂದು ಬರೆದಿದ್ದೀಯ. ಬರೆ, ಕೋಪ ಇಳಿಯುವವರೆಗೆ. ನಿನಗೆ ನಾನು ಬರೆದ ಮೊದಲ ಪತ್ರ ನೋಡಿದರೆ ನಿನ್ನದು ಬಹಳ ಸೌಜನ್ಯದ್ದು.

ನನಗೆ ಏನೂ ಗೊತ್ತಿರಲಿಲ್ಲ. ಸಂತೆಯಲ್ಲಿ ಸೋಯಾ ಗಿಣ್ಣು ಕೊಳ್ಳುತ್ತಿದ್ದೆ. ಅಂಗಡಿಯವಳ ರೇಡಿಯೋ ಹೇಳಿತು. "ಅದು ನೀವು ಹಂದಿ ಸಾಕಿದ ಊರಲ್ವಾ?" ಎಂದಳು. ಹೌದೆಂದು ನೆಗೆದಾಡುವಷ್ಟು ಸಂತೋಷವಾಯಿತು. ಮನೆಗೆ ಬರುವಷ್ಟರಲ್ಲಿ ನಿನ್ನ ನೆನಪಾಗಿ, ಕೈಯಲ್ಲಿದ್ದ ಚೀಲ ಭಾರವಾಯಿತು. ಎರಡೂ ಒಟ್ಟಿಗೆ ಆಗಬಹುದೆಂದು ನನಗೆ ಗೊತ್ತಿರಲಿಲ್ಲ.

ನನ್ನನ್ನೇ ಮತ್ತೆ ಕಳಿಸುತ್ತಿದ್ದಾರೆ. ಈ ಸಲ ಹೆಂಡತಿಯನ್ನೂ ಕೇಳಿದೆ. ಆರು ತಿಂಗಳು ಮಾತ್ರ ಎಂದು ಬೆರಳೆತ್ತಿ ಹೇಳಿದ್ದಾಳೆ. ವಾರಕ್ಕೊಂದೇ ವಿಮಾನವಾದ್ದರಿಂದ ನನ್ನನ್ನು ಇಳಿಸಿದ ವಿಮಾನವೇ ನಿನ್ನನ್ನು ಹತ್ತಿಸಿಕೊಳ್ಳುತ್ತದೆ. ಪರಸ್ಪರ ಮಾತಾಡಬಾರದೆಂದು ನಮಗೆ ಹೇಳಿದ್ದಾರೆ. ನಿಮಗೂ ಹೇಳಿರುತ್ತಾರೆ.

ಬದನೆಗೆ ನಾನು ನೀರು ಹಾಕುತ್ತೇನೆ.

ಮನೆಗೆ ಹೋದ ಮೇಲೆ ಇನ್ನೊಂದು ದೇಶಕ್ಕೆ ಕರೆ ಬಂದರೆ ತಕ್ಷಣ ಹೂಂ ಅನ್ನಬೇಡ. ಮಗಳು ಮೊದಲು ಅಮ್ಮನ ಹಿಂದಿನಿಂದ ಈಚೆಗೆ ಬರಲಿ.

ಅಣ್ಣ,
ತೂ

*

ನುಕುವೇರಾ
೧೨ ಜೂನ್ ೨೦೦೫

ತಮ್ಮ ಹೈಪಿಂಗ್,

ವಿಮಾನದ ಬಾಗಿಲು ಮುಚ್ಚುವವರೆಗೆ ಆದದ್ದನ್ನು ನೀನೇ ನೋಡಿದ್ದೀಯ. ಅತ್ತ ನಿಮ್ಮವರ ಸಾಲು, ಇತ್ತ ನಮ್ಮವರ ಸಾಲು, ಎರಡು ಸಾಲೂ ಸಮುದ್ರ ನೋಡುತ್ತ ನಿಂತದ್ದು. ತೆರೇನಾ ಹೂವಿನ ಹಾರ ಹಿಡಿದು ಬಂದಾಗ ಅದು ಅಷ್ಟು ಉದ್ದ ಯಾಕಿದೆ ಎಂದು ನನಗೆ ಹೊಳೆಯಲಿಲ್ಲ. "ಬಂದೋರಿಗೂ ಹೋಗೋರಿಗೂ ಒಂದೇ ಹಾರ, ಹೂ ಸಾಲ್ದು!" ಎಂದು ನಮ್ಮಿಬ್ಬರನ್ನೂ ಎಳೆದು ತಂದು ಎರಡು ಕೊರಳಿಗೂ ಸೇರಿಸಿ ಹಾಕಿಬಿಟ್ಟಳಲ್ಲ! ಗಂಟು ಬಿಚ್ಚುವ ನೆಪದಲ್ಲಿ ನಾವು ಎಷ್ಟು ಹೊತ್ತು ನಿಂತೆವೋ. ನೀನು ನನಗಿಂತ ಒಂದು ಗೇಣು ಎತ್ತರ. ಪತ್ರದಲ್ಲಿ ಅದನ್ನು ಒಮ್ಮೆಯೂ ಹೇಳಿರಲಿಲ್ಲ. "ಅಣ್ಣ, ದೊಡ್ಡಮ್ಮ ಮರಿ ಹಾಕಿದ್ದಾಳೆ, ಒಂಬತ್ತು" ಎಂದೆ ನೀನು. ನಾನು "ಮೆಲ್ಲಗೆ ಮೆಟ್ಟಿಲು ಹತ್ತು" ಎಂದೆ. ಎರಡು ವರ್ಷ ಬರೆದುಕೊಂಡವರು ಎದುರು ಸಿಕ್ಕಾಗ ಆಡಿದ್ದು ಇಷ್ಟೇ.

ಇನ್ನು ನೀನು ಕಾಣದ್ದು. ವಿಮಾನ ಏರುತ್ತಲೇ ನಮ್ಮ ಮುಖ್ಯಸ್ಥರು ಕೇಳಿದರು: "ಯಾರು ಆ ಮನುಷ್ಯ?"

"ನಮ್ಮ ಹಂದಿ ನೋಡ್ಕೊಳ್ತಿದ್ದೋನು ಸಾರ್."

"ಅವನು ಅಳ್ತಿದ್ನಲ್ಲ?"

"ಹೂವಿನ ಪರಾಗ ಸಾರ್" ಎಂದೆ. ನನ್ನ ಕಣ್ಣಿಗೂ ಅದೇ ಪರಾಗ ಬಿದ್ದಿದ್ದರಿಂದ ಅವರು ನಂಬಿದರು.

ತೋಟಕ್ಕೆ ಹೋದರೆ ಅಲ್ಲಿ ಹೆಸರುಹಲಗೆಯೇ ಇಲ್ಲ. ನಿಮ್ಮದೂ ಇಲ್ಲ, ನಮ್ಮದೂ ಇಲ್ಲ. ತೆರೇನಾ ನನಗೆ ಎಳನೀರು ಕೊಟ್ಟು ಕೂರಿಸಿ ಹೇಳಿದಳು: "ತೂ, ನೀನು ಯಜಮಾನ ಆಗಿ ಬಂದಿದ್ರೆ ಬೇಜಾರಾಗ್ತೀಯ. ನೆಂಟ ಆಗಿ ಬಂದಿದ್ರೆ ಇರು. ತೋಟ ಈಗ ಹೆಂಗಸರ ಸಂಘದ್ದು. ನೆಲ ನಮ್ಮ ಕುಲದ್ದು, ಯಾರ ಬಾವುಟ ಹಾರಿದ್ರೂ ಸಂಘದ ಕೈಲೇ ಇರುತ್ತೆ ಅಂತ ಜುವಾಂಗ್ ಕಡೆಯವರು ಹೋಗೋ ಮುಂಚೆ ಒಪ್ಕೊಂಡ್ರು. ಇವತ್ತು ನಿಮ್ಮೋರೂ ಒಪ್ಕೊಂಡ್ರು. ಅವ್ರು ಒಪ್ಪಿದ್ರು ಅಂದಿದ್ದಕ್ಕೆ ನಿಮ್ಮೋರು ಒಪ್ಪಿದ್ದು, ನಿಮ್ಮೋರು ಒಪ್ತಾರೆ ಅಂದಿದ್ದಕ್ಕೆ ಅವ್ರು ಒಪ್ಪಿದ್ದು."

ನಾನು ಕೇಳಿದೆ: "ಇಷ್ಟು ದಿನ ನಿಮಗೆ ಹೆದರಿಕೆ ಇರ್ಲಿಲ್ವಾ? ಒಂದ್ಸಲ ಆ ಕಡೆ, ಒಂದ್ಸಲ ಈ ಕಡೆ."

"ದೊಡ್ಡ ಅಲೆಗಳು ಒಂದಕ್ಕೊಂದು ಗುದ್ದಾಡ್ತಾವೆ. ಗುದ್ದಾಡ್ಲಿ. ನಾವು ಕೂತಿರೋದು ದೋಣೀಲಿ ಕಣೋ. ಅಲೆ ಬಂದಾಗ ಮೇಲೇಳ್ಬೇಕು, ಹೋದಾಗ ಮೀನು ಹಿಡೀಬೇಕು."

ನನಗೆ ಇಲ್ಲಿ ಕೆಲಸವೇ ಇಲ್ಲ. ಬದನೆ ನಾನು ಬರುವ ಮೊದಲೇ ಕಾಯಿ ಬಿಟ್ಟಿತ್ತು. ಬುಟ್ಟಿ ಎತ್ತಿಕೊಡುತ್ತೇನೆ. ಉಳಿದ ಹೊತ್ತು ದೊಡ್ಡಮ್ಮನ ಮರಿಗಳಿಗೆ ನಮ್ಮ ಮಾತು ಕಲಿಸುತ್ತೇನೆ. ಅವು ಆಗಲೇ ನಿನ್ನ ಬೈಗುಳಗಳನ್ನು ಕಲಿತಿವೆ. ಎಂಥ ಬಾಯಿಯೋ ನಿನ್ನದು! ಹನ್ನೊಂದು ವರ್ಷ ನಾನು ಇಲ್ಲಿ ಬೇಕಾದವನು ಎಂದುಕೊಂಡಿದ್ದೆ. ಈಗ ಬೇಡವಾದವನಾಗಿ ಇದ್ದೇನೆ, ಅದೇ ಹೆಚ್ಚು ಹಾಯಾಗಿದೆ.

ಮಗಳು ಹೇಗಿದ್ದಾಳೆ?

ಅಣ್ಣ,
ತೂ

*

ಝಾಂಗ್‌ಚೌ
೩ ಆಗಸ್ಟ್ ೨೦೦೫

ಅಣ್ಣ,

ಮೊದಲ ವಾರ ಮಗಳು ನನ್ನನ್ನು "ಮಾಮ" ಎಂದು ಕರೆದಳು. ಎರಡನೇ ವಾರ ಕರೆಯಲೇ ಇಲ್ಲ. ಆಮೇಲೆ ಒಂದು ದಿನ ನಾನು ಅಕ್ಕಿ ಗಂಜಿ ಉಣ್ಣಿಸಲು ಹೋದಾಗ ಬಾಯಿ ಬಿಗಿದುಕೊಂಡಳು. ನಾನು ಪಕ್ಕದಲ್ಲಿ ಕೂತು ದೊಡ್ಡಮ್ಮ ನನ್ನ ಚಪ್ಪಲಿ ತಿಂದ ಕಥೆ ಹೇಳಿದೆ. ಕಥೆ ಮುಗಿಯುವಷ್ಟರಲ್ಲಿ ಬಟ್ಟಲು ಖಾಲಿ. "ಅಪ್ಪಾ, ಇನ್ನೊಂದು ಚಪ್ಪಲಿ ಏನಾಯ್ತು?" ಎಂದಳು. ಅಪ್ಪಾ ಎಂದಳು, ಅಣ್ಣ.

ಇನ್ನೊಂದು ದೇಶಕ್ಕೆ ಹೋಗುವಿಯಾ ಎಂದು ಕೇಳಿದ್ದರು. ಈಗ ಬೇಡ ಎಂದೆ. ಜಿಲ್ಲಾ ಕೃಷಿ ಕಚೇರಿಯಲ್ಲಿದ್ದೇನೆ.

ಝಾಂಗ್‌ಪು ನಮ್ಮಮ್ಮನ ಮನೆಯಿಂದ ಬಸ್ಸಿನಲ್ಲಿ ಹತ್ತಿರವೇ. ಹೋಗಿ ಬಂದೆ. ತೂ ಮನೆತನದವರು ಅಲ್ಲಿ ಬಹಳ ಮಂದಿ ಇದ್ದಾರೆ, ಎಲ್ಲರೂ ನಿಮ್ಮ ಹಾಗೆಯೇ ಕುಳ್ಳು. ಭಾಷಣ ಬಿಗಿಯುತ್ತಿಲ್ಲ, ಕಂಡದ್ದು ಹೇಳಿದೆ.

ತಮ್ಮ,
ಹೈಪಿಂಗ್

*

ನುಕುವೇರಾ
ಫೆಬ್ರವರಿ ೨೦೦೬, ಸಂತೆಯ ಮರುದಿನ

ತೂಗೂ ಜುವಾಂಗ್‌ಗೂ,

ಒಂದೇ ಕಾಗದ ಇಬ್ರಿಗೂ. ನಾನು ಹೇಳ್ತಿದೀನಿ, ಪೋಸ್ಟ್ ಮಾಸ್ಟರ್ ಎರಡು ಸಲ ಬರೀತಿದ್ದಾರೆ, ಬೈಕೊಳ್ತಿದ್ದಾರೆ.

ಸಂಘ ತನ್ನದೇ ಸಂತೆಕಟ್ಟೆ ಕಟ್ಟಿಸಿದೆ. ಮಳೆ ಬಂದ್ರೆ ನೆನೆಯಲ್ಲ. ಏಪ್ರಿಲ್ಲಲ್ಲಿ ಬಾಗಿಲು ತೆಗೀತೀವಿ. ಯಾವ ಸರಕಾರದೋರನ್ನೂ ಕರ್ದಿಲ್ಲ. ಕರೆದ್ರೆ ಯಾರು ಮುಂದಿನ ಕುರ್ಚಿ, ಯಾರು ಹಿಂದಿನ ಕುರ್ಚಿ ಅಂತ ಅವ್ರದೇ ಒಂದು ಸಂತೆ ಆಗುತ್ತೆ. ನಿಮ್ಮಿಬ್ರನ್ನ ಕರೀತಿದೀನಿ. ತೂ, ಈ ಸಲ ಹೆಂಡತೀನ ಕರ್ಕೊಂಡ್ ಬಾ, ಆ ಕಾಲುಚೀಲ ಹೆಣೆದೋಳನ್ನ ನಾನು ನೋಡ್ಬೇಕು. ಜುವಾಂಗ್, ನಿನ್ನ ದೇಶದ ಪಾಸ್‌ಪೋರ್ಟ್ ಅಂತ ಯೋಚ್ನೆ ಮಾಡ್ಬೇಡ. ಮುದ್ರೆ ಹೊಡಿಯೋನು ನನ್ನ ತಂಗಿ ಮಗ.

ಮೊನ್ನೆ ಇನ್ನೂ ಒಂದು ದೊಡ್ಡ ದೇಶದೋರು ಬಂದಿದ್ರು, ನಮ್ಮ ಬಂದರು ಬೇಕಂತೆ. ಮೊದ್ಲು ಕಳೆ ಕೀಳಿ, ಆಮೇಲೆ ಮಾತು ಅಂದೆ. ಕಿತ್ತರು. ಕಳೆ ಜೊತೆ ಕ್ಯಾರೆಟ್ಟೂ ಕಿತ್ತರು. ಯೋಚ್ನೆ ಮಾಡಿ ಹೇಳ್ತೀನಿ ಅಂತ ಕಳ್ಸಿದೀನಿ.

ಬರ್ಲೇಬೇಕು. ಜುವಾಂಗ್, ಹಾಡಬೇಕಾಗಿಲ್ಲ.

ತೆರೇನಾ

*

ಪಿಂಗ್‌ತುಂಗ್
೨೦ ಮಾರ್ಚ್ ೨೦೦೬

ತಮ್ಮ ಹೈಪಿಂಗ್,

ನಿನ್ನ ರಜೆ ಮಂಜೂರಾದದ್ದು ಓದಿ ಹೆಂಡತಿ ಆಗಲೇ ಪೆಟ್ಟಿಗೆ ತುಂಬಲು ಶುರುಮಾಡಿದ್ದಾಳೆ. ಮಗ ನಮ್ಮ ಟಿಕೇಟು ಮಾಡಿಸಿದ್ದಾನೆ. ರಜೆ ಸಿಕ್ಕರೆ ತಾನೂ ಬರುತ್ತಾನಂತೆ. ನಿನ್ನ ಹೆಂಡತಿ, ಮಗಳು ಬರುತ್ತಿರುವುದು ಕೇಳಿ ನಮಗೆಲ್ಲ ಹಬ್ಬ.

ಫಿಜಿಯಲ್ಲಿ ವಿಮಾನ ಬದಲಿಸುವ ಕಡೆ ನಾವು ನಿಮಗಿಂತ ಮೊದಲೇ ಬಂದಿರುತ್ತೇವೆ. ಚಹಾ ಅಂಗಡಿಯ ಎದುರಿನ ಬೆಂಚಿನಲ್ಲಿ ಹುಡುಕು. ನಾನು ಕುಳ್ಳು ಎಂದು ಊರೆಲ್ಲ ಹೇಳಿಕೊಂಡು ಬಂದಿದ್ದೀಯ, ಆದ್ದರಿಂದ ಬೆಂಚಿನ ಮೇಲೆ ಹತ್ತಿ ನಿಂತಿರುತ್ತೇನೆ. ಈ ಸಲ ಅತ್ತ ನೋಡಬೇಡ, ಇತ್ತ ನೋಡಬೇಡ ಎನ್ನುವವರು ಯಾರೂ ಇಲ್ಲ. ಬಾಯಿ ನೋಯುವವರೆಗೆ ಮಾತಾಡೋಣ.

ನುಕುವೇರಾದ ಆ ಪುಟ್ಟ ವಿಮಾನದಲ್ಲಿ ಈ ಸಲ ನಾವಿಬ್ಬರೂ ಒಟ್ಟಿಗೆ ಹೋಗುತ್ತೇವೆ, ಇಬ್ಬರೂ ಒಟ್ಟಿಗೆ ಇಳಿಯುತ್ತೇವೆ. ಒಂದು ವಿಷಯ ಮಾತ್ರ ಈಗಲೇ ಇತ್ಯರ್ಥವಾಗಲಿ. ಹೋಗುವಾಗ ಕಿಟಕಿ ಪಕ್ಕದ ಸೀಟು ನನಗೆ. ನಾನು ಹಿರಿಯವನು. ಬರುವಾಗ ನಿನಗೆ.

ನಿನ್ನ ಮಗಳು ಹಟ ಹಿಡಿದರೆ ನಮ್ಮಿಬ್ಬರಿಗೂ ಇಲ್ಲ.

ಅಣ್ಣ,
ತೂ ಜಿನ್‌ಷುಯಿ